ನೀರು ಬೀಳದ ಕೂಸು

ಅಕ್ಟೋಬರ್ 6, ಸಂಜೆ
ಲಿಂಗಸುಗೂರಿನ ಬಸ್ ಇವತ್ತೂ ತಡ. ಬ್ಯಾಂಕ್ ಮುಗಿಸಿ ಮಸ್ಕಿಯ ಮನೆ ಸೇರುವಷ್ಟರಲ್ಲಿ ಅತ್ತೆ ಜಪಸರ ಹಿಡಿದು ಕೂತಾಗಿತ್ತು. ಕೈಕಾಲು ತೊಳೆದು ನಾನೂ ಕೂತೆ. ದೇವಮಾತೆಯ ಜಪದಲ್ಲಿ ಉದರದ ಫಲ ಎನ್ನುವಲ್ಲಿ ದನಿ ಹೊರಡಲಿಲ್ಲ. ನಾಲ್ಕು ವರ್ಷದಿಂದ ಹೀಗೇ. ತುಟಿ ಆಡಿಸುತ್ತೇನೆ, ಅಷ್ಟೇ.

ಅಕ್ಟೋಬರ್ 12, ಭಾನುವಾರ
ಚರ್ಚಿನಲ್ಲಿ ಒಂದು ಮಗುವಿಗೆ ಜ್ಞಾನಸ್ನಾನ. ತಲೆಗೆ ನೀರು ಬಿದ್ದದ್ದೇ ಕಿರುಚಿತು... ನನ್ನ ಮಗಳು ಅಳಲೇ ಇಲ್ಲ. ಎಂಟು ತಿಂಗಳಿಗೇ ಹುಟ್ಟಿದಳು, ಉಸಿರಿರಲಿಲ್ಲ. ಸುನೀಲ ಬಟ್ಟೆಯಲ್ಲಿ ಸುತ್ತಿ ಸಂತೆಕಲ್ಲೂರಿಗೆ ಒಯ್ದು, ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ನಾನಿನ್ನೂ ಆಸ್ಪತ್ರೆಯಲ್ಲಿದ್ದೆ. ಅವನ ತಾಯಿ, ನನ್ನ ಅತ್ತೆ, ಮಂಚದ ಪಕ್ಕ ನಿಂತು ಹೇಳಿದ್ದು: "ನೀರು ಬೀಳದ ಕೂಸಿಗೆ ಸ್ವರ್ಗ ಇಲ್ಲವ್ವ. ಹೆಸರೂ ಇಡಬಾರದು. ಮರತುಬಿಡು."
ಮರೆಯುವುದಂತೆ! ಅಂದಿನಿಂದ ಮಾತೆಯ ಮುಖ ನೋಡಲೂ ನಾಚಿಕೆ.

ಅಕ್ಟೋಬರ್ 26, ಮಧ್ಯಾಹ್ನ
ಕೇಳಿಯೇ ಬಿಟ್ಟೆ. ಪೂಜೆ ಮುಗಿದು ಎಲ್ಲರೂ ಹೋದ ಮೇಲೆ, ಫಾದರ್ ಹತ್ತಿರ.
"ನನ್ನ ಮಗಳು ಎಲ್ಲಿ ಅದಾಳ್ರೀ ಫಾದರ್?"
ಎಲ್ಲ ಕೇಳಿಸಿಕೊಂಡು, ಕುರ್ಚಿ ಎಳೆದು ಎದುರು ಕೂತರು. "ಅಂಥ ಕೂಸುಗಳನ್ನ ಧರ್ಮಸಭೆ ದೇವರ ಕರುಣೆಗೆ ಒಪ್ಪಸ್ತೈತವ್ವ. ಮಕ್ಕಳನ್ನ ನನ್ನ ಹತ್ರ ಬಿಡ್ರಿ ಅಂದ ಸ್ವಾಮಿ ಇದೊಂದನ್ನ ದೂರ ಇಡ್ತಾರೇನು? ಮಾತೆನೂ ಸತ್ತ ಮಗನ್ನ ಮಡಿಲಾಗ ಹಿಡಕೊಂಡಾಕಿನ. ನಿನ್ನ ನೋಡಿ ಮುಖ ತಿರುವ್ತಾಳಾ?"
ಸತ್ತವರ ಹಬ್ಬದ ಮರುದಿನ ತಾವೇ ಹೊಲಕ್ಕೆ ಬರುತ್ತಾರಂತೆ. ಹೆಸರು ಕೇಳಿದರು.
ಅಮಲಾ — ಎಂದೆ. ಮೊದಲ ಸಲ, ಬಾಯಿಬಿಟ್ಟು. ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಅಳುತ್ತ ನಿಂತಿದ್ದೆ. ಹಗುರಾಗುವ ಅಳು.

ನವೆಂಬರ್ 1
ಅತ್ತೆಗೆ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ರೊಟ್ಟಿ ಬಡಿಯುವ ಕೈ ನಿಂತಿತು.
"ಫಾದರ್ ಖರೇನ ಹಂಗಂದ್ರಾ?"
ಎರಡು ಸಲ ಕೇಳಿದರು. ಆಮೇಲೆ, "ನಾನೂ ಬರ್ತೀನಿ."

ನವೆಂಬರ್ 3
ರಜೆ ಹಾಕಿದೆ. ಹೊಲದಲ್ಲಿ ತೊಗರಿ ಹೂಬಿಟ್ಟಿದೆ. ಸುನೀಲ ಜಾಗ ತೋರಿಸಿದ. ಫಾದರ್ ಪ್ರಾರ್ಥನೆ ಓದಿದರು — ಅಮಲಾ ಎಂದು ಜೋರಾಗಿ, ಎಲ್ಲರಿಗೂ ಕೇಳುವಂತೆ. ಪುಸ್ತಕ ಮುಚ್ಚುವಾಗ ಅತ್ತೆ ಅವರ ಕೈ ಹಿಡಿದರು.
"ಇನ್ನೊಂದು ಹೆಸರು ಐತ್ರೀ. ಚಿನ್ನಪ್ಪ. ಇದ ಬದುವಿನ್ಯಾಗ ಅದಾನ. ಸುನೀಲ ಹುಟ್ಟೋಕಿಂತ ಮೊದಲು."
ಸುನೀಲ ತಾಯಿಯನ್ನೇ ನೋಡಿದ. ಅವನಿಗೂ ಗೊತ್ತಿರಲಿಲ್ಲ.
"ನನಗೂ ಹಿರ‍್ಯಾರು ಹಂಗ ಅಂದಿದ್ರು. ನಲವತ್ತು ವರ್ಷ ಅದನ್ನ ನಂಬೀನಿ. ಸೊಸಿಗೂ ಅದನ್ನ ಹೇಳೀನಿ... ತಪ್ಪಾತು ಸುರೇಖಾ."
ಫಾದರ್ ಮತ್ತೆ ಪುಸ್ತಕ ತೆರೆದರು. ನಾನು ಅತ್ತೆಯ ಸೊಂಟ ಬಳಸಿ ಹಿಡಿದುಕೊಂಡೆ. ಎಷ್ಟು ಸಣ್ಣ ಜೀವ!

ನವೆಂಬರ್ 4, ಬೆಳಿಗ್ಗೆ 8
ಎದ್ದಾಗಿನಿಂದ ಅತ್ತೆ ಮಾತು ನಿಲ್ಲಿಸಿಲ್ಲ. ಚಿನ್ನಪ್ಪನಿಗೆ ತಲೆ ತುಂಬ ಕೂದಲಿತ್ತಂತೆ. ಅಮಲಾಳ ಬೆರಳು ಉದ್ದ ಇದ್ದವು ಎಂದೆ. "ಅದು ನಮ್ಮ ತವರಮನಿದು!" — ನಕ್ಕರು. ಕೆಲಸಕ್ಕೆ ಹೊತ್ತಾಯಿತು, ಬರೆಯುತ್ತಾ ಕೂತಿದ್ದೇನೆ. ಮತ್ತೆ ಬಾಗಿಲಿಗೆ ಬಂದಿದ್ದಾರೆ. ಇನ್ನೊಂದು ನೆನಪಾಯಿತಂತೆ, ಅವನ ಕಿವಿ... ಕೇಳಿಯೇ ಹೊರಡುತ್ತೇನೆ.