ನನ್ನ ಕ್ಲಿನಿಕ್ಕಿನೊಳಗೆ ಬಂದು ಕೂತ ಬಸ್ ತಂಗುದಾಣ

ಸಾರಿಗೆ ಇಲಾಖೆಯ ಡಿಜಿಟಲ್ ನಕಾಶೆ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಗರದ ಅತ್ಯುತ್ತಮ ಬಸ್ ತಂಗುದಾಣವೆಂಬ ಪ್ರಶಸ್ತಿಗೆ ನನ್ನ ಹಲ್ಲಿನ ಕ್ಲಿನಿಕ್ಕನ್ನು ಆರಿಸಿದ್ದೀರಿ. ಆದರೆ ನಿಜವಾದ ತಂಗುದಾಣ ಇರುವುದು ರಸ್ತೆಯ ಆಚೆ ಬದಿಯಲ್ಲಿ. ಅದರ ಚಾವಣಿಯ ತಗಡು ಒಂದೇ ಬೋಲ್ಟಿನ ಆಸರೆಯಲ್ಲಿ ಜೋತಾಡುತ್ತಿದೆ. ಅದರ ಕೆಳಗೆ ನನ್ನ ಚಿಕ್ಕಮ್ಮ ದಿನಾ ಬೆಳಗ್ಗೆ ಬಸ್ಸಿಗೆ ಕಾಯುತ್ತಾರೆ. ನನ್ನ ದೂರು ಇಷ್ಟೇ.

ತಪ್ಪು ಒಂದು ಚುಕ್ಕೆಯದು. ತಂಗುದಾಣಗಳನ್ನೆಲ್ಲ ಉಪಗ್ರಹದ ನೆರವಿನಿಂದ ನಕಾಶೆಗೆ ಏರಿಸುವಾಗ ನಮ್ಮ ಬೀದಿಯ ಚುಕ್ಕೆ ರಸ್ತೆ ದಾಟಿ, ನನ್ನ ರೋಗಿಗಳು ಕಾಯುವ ಕೋಣೆಯೊಳಗೆ ಬಂದು ಕೂತಿದೆ. ಚುಕ್ಕೆಯನ್ನು ನಾನು ಕ್ಷಮಿಸಿದ್ದೆ. ಆದರೆ ಆಮೇಲೆ ನಿಮ್ಮ ಪರಿಶೀಲಕರು ಬಂದರು. ಸುಳ್ಳು ತಪಾಸಣೆ ತಡೆಯಲೆಂದು ನೀವು ಅವರಿಗೆ ಕೊಟ್ಟಿರುವ ಆ್ಯಪ್‌ನಲ್ಲಿ, ಚುಕ್ಕೆಯ ಮೇಲೆ ನಿಂತರೆ ಮಾತ್ರ ಕ್ಯಾಮೆರಾ ತೆರೆಯುತ್ತದಂತೆ. ಆ ಮಹಾನುಭಾವರು ತಗಡಿನ ಕೆಳಗೆ ನಿಂತು ಫೋನನ್ನು ಆಕಾಶಕ್ಕೆ ಹಿಡಿದರು, ಕುಲುಕಿದರು, ಒರೆಸಿದರು. ಕೊನೆಗೆ ಒಳಗೆ ಬಂದು ನನ್ನ ಮೀನಿನ ತೊಟ್ಟಿಯ ಪಕ್ಕ ನಿಂತದ್ದೇ ತಡ, ಕ್ಯಾಮೆರಾ ತೆರೆಯಿತು.

“ಸಾರ್, ನನಗೂ ಕಣ್ಣಿದೆ. ಆದ್ರೆ ಆ ಕಡೆ ನಿಂತ್ರೆ ಇದು ಓಪನ್ನೇ ಆಗಲ್ಲ, ಏನ್ ಮಾಡ್ಲಿ?” ಎಂದರು.

ಅವರು ಬರೆದ ವರದಿ ಹೀಗಿದೆ: ಚಾವಣಿ ಸೋರುವುದಿಲ್ಲ. ಆಸನಗಳು ಮೆತ್ತಗಿವೆ. ಬಾಯಿ ಮುಕ್ಕಳಿಸಲೂ ವ್ಯವಸ್ಥೆಯಿದೆ. ಪ್ರಯಾಣಿಕರ ಮುಖದಲ್ಲಿ ಮಾತ್ರ ಆತಂಕ ಕಾಣುತ್ತದೆ, ಬಸ್ಸುಗಳು ತಡವಾಗುತ್ತಿರಬಹುದು. ಮಾನ್ಯರೇ, ದವಡೆ ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖದಲ್ಲಿ ಇನ್ನೇನು ಕಾಣಬೇಕಿತ್ತು? ಈಗ ನಿಮ್ಮ ನಕಾಶೆ ನಂಬಿದವರೂ ಒಳಗೆ ಬರುತ್ತಿದ್ದಾರೆ. ಮೊನ್ನೆ ನನ್ನ ಸಹಾಯಕಿ ಮುಂದಿನವರನ್ನು ಕರೆದಾಗ ಒಬ್ಬರು ಬಸ್ಸೇ ಬಂತೆಂದು ಚೀಲ ಎತ್ತಿಕೊಂಡು ಓಡಿಬಂದು ನನ್ನ ಕುರ್ಚಿ ಏರಿದರು. ಏರಿದ ಮೇಲೆ ಸುಮ್ಮನೆ ಕಳಿಸುವುದೇಕೆಂದು ಬಾಯಿ ನೋಡಿದೆ, ಒಂದು ಹುಳುಕು ಸಿಕ್ಕಿತು.

ತಗಡಿನ ಬಗ್ಗೆ ದೂರು ಕೊಟ್ಟೆ. ಪರಿಹರಿಸಲಾಗಿದೆ ಎಂದು ಉತ್ತರ ಬಂತು, ಜೊತೆಗೆ ನನ್ನದೇ ಮೀನುಗಳ ಫೋಟೊ. ಚುಕ್ಕೆಯನ್ನಾದರೂ ಸರಿಸಿ ಎಂದು ನಿಮ್ಮ ಕಚೇರಿಗೆ ಫೋನು ಮಾಡಿದೆ. ಸರಿಯಾದ ಜಾಗದ ಫೋಟೊ ಬೇಕು ಎಂದರು. ಆ ಫೋಟೊವನ್ನು ಚುಕ್ಕೆಯ ಮೇಲೆ ನಿಂತೇ ತೆಗೆಯಬೇಕು ಎಂದೂ ಹೇಳಿದರು. ಹೋಗಲಿ, ನಾನೇ ಬೋಲ್ಟು ಹಾಕಿಸುತ್ತೇನೆ ಎಂದರೆ, ಸಾರ್ವಜನಿಕ ಸ್ವತ್ತು ಮುಟ್ಟಿದರೆ ಕೇಸು ಎಂದರು. ನಕಾಶೆಯಲ್ಲಿ ಇಲ್ಲದ್ದನ್ನು ಮುಟ್ಟಿದರೆ ಯಾವ ಕೇಸು ಸ್ವಾಮಿ?

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಈ ಚಿಕ್ಕಮ್ಮ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ದುಡಿದು ಓದಿಸಿದರು, ಈಗಲೂ ಅಲ್ಲಿಗೇ ಹೋಗುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಕೂತು ಕಾದರೆ ಡ್ರೈವರಿಗೆ ಕಾಣುವುದಿಲ್ಲ, ಬಸ್ಸು ನಿಲ್ಲದೆ ಹೋಗುತ್ತದೆ. ಕಾರಿನಲ್ಲಿ ಬಿಡುತ್ತೇನೆಂದರೆ ಸುತಾರಾಂ ಒಪ್ಪುವುದಿಲ್ಲ.

“ನಾನೇನು ಅಲ್ಲೇ ಬಿಡಾರ ಹೂಡ್ತೀನೇನೋ? ಬಸ್ ಬರೋವರೆಗೆ ತಾನೆ,” ಎನ್ನುತ್ತಾರೆ.

ನಿಮ್ಮ ಬಸ್ಸುಗಳ ಮೇಲೆ ಅವರಿಗಿರುವ ನಂಬಿಕೆ ನನಗಿಲ್ಲ. ಕಳೆದ ವಾರದ ಗಾಳಿಗೆ ತಗಡಿನ ಇನ್ನೊಂದು ಬೋಲ್ಟು ಕಿತ್ತುಬಂದು ಅವರ ಕಾಲ ಬಳಿಯೇ ಬಿತ್ತು. ಅದನ್ನು ಹೆಕ್ಕಿ ತಂದು, ಯಾರೋ ರೋಗಿ ಬಿಟ್ಟುಹೋದ ಹಲ್ಲೇನೋ ಎಂಬಂತೆ ನನ್ನ ಮೇಜಿನ ಮೇಲಿಟ್ಟು ಹೋದರು. ಈಗ ಬೆಳಗಿನ ಹೊತ್ತು ಗಾಳಿ ಬೀಸಿದರೆ ಸಾಕು, ಬಾಯಿ ತೆರೆದು ಮಲಗಿದ ರೋಗಿಯನ್ನು ಹಾಗೇ ಬಿಟ್ಟು ಕಿಟಕಿಗೆ ಓಡುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ ಮಾನ್ಯರೇ. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ.

ಸೋಮವಾರ ಬೆಳಗ್ಗೆ ಪ್ರಶಸ್ತಿ ಫಲಕ ಹಿಡಿದು ತಾವೇ ಬರುತ್ತೀರಂತೆ. ಖಂಡಿತ ಬನ್ನಿ. ಫಲಕ ಮರೆತರೂ ಪರವಾಗಿಲ್ಲ, ತಗಡು ಬಿಗಿಯುವವರನ್ನು ಕರೆತರಲು ಮಾತ್ರ ಮರೆಯಬೇಡಿ. ಅವರು ಏಣಿ ಹಾಕುವವರೆಗೆ ಆಚೆ ಬದಿಯಲ್ಲಿ ಚಿಕ್ಕಮ್ಮನ ಪಕ್ಕದಲ್ಲೇ ನಿಂತು ಬಸ್ಸಿಗೆ ಕಾಯಿರಿ. ಚಾವಣಿಯ ಸ್ಥಿತಿ ತಿಳಿಯಲು ಉಪಗ್ರಹ ಬೇಡ, ಒಮ್ಮೆ ತಲೆ ಎತ್ತಿದರೆ ಸಾಕು. ಗಾಳಿ ಬೀಸುತ್ತಿದ್ದರೆ ಮಾತ್ರ ನೋಡುತ್ತ ಅಲ್ಲೇ ನಿಲ್ಲಬೇಡಿ, ಚಿಕ್ಕಮ್ಮನ ಕೈ ಹಿಡಿದು ಈಚೆ ಓಡಿಬನ್ನಿ.

ಇಂತಿ,
ತಮ್ಮ ಚುಕ್ಕೆಗೆ ಬಾಡಿಗೆಯಿಲ್ಲದೆ ಜಾಗ ಕೊಟ್ಟಿರುವ
ಹಲ್ಲಿನ ಡಾಕ್ಟರು