ಬಾಲ್ಕನಿಯಿಂದ ಬಂದ ಓಗೊಡುವಿಕೆ

ಅಮ್ಮಾ,

ಸ್ವರ್ಗದ ಅಂಚೆಯವರ ಮೇಲೆ ನನಗೆ ನಂಬಿಕೆಯಿಲ್ಲ, ಹಾಗಾಗಿ ಇದನ್ನು ಕಳಿಸುವುದಿಲ್ಲ. ಆದರೂ ವರದಿ ಒಪ್ಪಿಸುವುದು ಮಗನ ಧರ್ಮ.

ನಿನ್ನೆ ಮಧ್ಯಾಹ್ನ ನಮ್ಮ ಜಾರ್ಜಿಯಾದ ಈ ಪುಟ್ಟ ಊರಿನ ನಾಟಕಶಾಲೆಯಲ್ಲಿ ಮೊದಲ ಬಾರಿಗೆ ಕರಿಯರೇ ಕಟ್ಟಿದ ಸಂಗೀತ ನಾಟಕ ಆಯಿತು. ನಿನ್ನ ಮೊಮ್ಮಗಳು ಕ್ಲೋರಿಸ್ ನಾಯಕಿ. ಬಿಳಿಯರು ಹೆಣದ ಮುಂದೆ ಕೂತವರಷ್ಟು ಶಿಸ್ತಾಗಿ ಕೂತಿದ್ದರು. ಚರ್ಚಿನಲ್ಲಿ ಸಾಲುಸಾಲಿಗೂ ಓಗೊಡುವ ನಮ್ಮವರೂ, ಮೊದಲ ಸಲ ಕೆಳಗೆ ಬಿಳಿಯರ ಜೊತೆ ಕೂತ ಗಾಂಭೀರ್ಯದಲ್ಲಿ, ತುಟಿ ಹೊಲಿದುಕೊಂಡಿದ್ದರು. ಕ್ಲೋರಿಸ್ ಒಂದು ಸಾಲು ಹಾಡಿ ಓಗೊಡಲೆಂದು ಕಾದಳು. ಯಾರೋ ಕೆಮ್ಮಿದರು. ಎರಡನೇ ಸಾಲನ್ನು ಮಗು ಅರ್ಧಕ್ಕೇ ಬಿಟ್ಟಿತು.

ಆಗ, ಹಿಂದೆ ನಮ್ಮವರನ್ನಷ್ಟೇ ತುಂಬುತ್ತಿದ್ದ ಬಾಲ್ಕನಿಯಲ್ಲಿ ಯಾರೋ ಕಾಲು ಕುಟ್ಟಿದರು.

"ನಿಧಾನಕ್ಕೆ ಹಾಡೇ, ನನ್ ಬಂಗಾರಿ!"

ನಮ್ಮವರ ಬಾಯಿಗಳೆಲ್ಲ ಒಟ್ಟಿಗೇ ಬಿಚ್ಚಿಕೊಂಡವು. ಹುಡುಗಿ ಸೂರು ಹಾರುವಂತೆ ಹಾಡಿದಳು. ಕೊನೆಗೆ ಬಿಳಿಯರೂ ಚಪ್ಪಾಳೆ ತಟ್ಟಿದರು, ತಾಳ ತಪ್ಪಿ.

ಆಟ ಮುಗಿದದ್ದೇ ಮ್ಯಾನೇಜರ್ ಪ್ರೂಯಿಟ್ ನನ್ನನ್ನು ದಬಾಯಿಸಿದ: "ಟಿಕೆಟ್ಟಿಲ್ಲದೆ ಯಾರನ್ರೀ ಮೇಲೆ ಹತ್ಸಿದ್ದು?"

"ಬಾಲ್ಕನಿ ಬೀಗ ನಿಮ್ದೇ ಅಲ್ವಾ ಸ್ವಾಮಿ? ತೆಗೆದು ನೋಡ್ಕೊಳ್ಳಿ."

ತುಕ್ಕು ಹಿಡಿದ ಬೀಗಕ್ಕೆ ಕೀಲಿ ತಿರುಗಲಿಲ್ಲ. ಸುತ್ತಿಗೆಯಿಂದ ಒಡೆದ. ಒಳಗೆ ಒಂದು ಕುರ್ಚಿಯೂ ಇರಲಿಲ್ಲ. ನೆಲದ ಹಲಗೆಗಳು ಮಾತ್ರ ಇನ್ನೂ ಅದುರುತ್ತಿದ್ದವು. ಪ್ರೂಯಿಟ್ ಸುತ್ತಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದ.

ಅಮ್ಮಾ, ಕೆಳಗೆ ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ನಿನ್ನದೆಂದೇ ಹಿಡಿದಿಟ್ಟಿದ್ದೆ. ಯಾರೂ ಕೂರದಿರಲೆಂದು ನಿನ್ನ ಭಾನುವಾರದ ಟೋಪಿಯನ್ನು ಅದರ ಮೇಲಿಟ್ಟಿದ್ದೆ.

ಮತ್ತೆ ಮೇಲಕ್ಕೇ ಯಾಕೆ ಹೋದೆ?