ಚೂಪುಗಿವಿಯವರ ಬಿಡುಗಡೆ

ಇಪ್ಪತ್ತೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಅಮ್ಮ ನಡೆದಾಡಿಕೊಂಡಿದ್ದಾಳೆ. ನೀನೂ ಚೆನ್ನಾಗಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ಮೂರು ವರ್ಷದ ಮೇಲೆ ಬರೆಯುವ ಕಾಗದದಲ್ಲಿ 'ತಡವಾಯಿತು, ಕ್ಷಮಿಸು' ಅನ್ನುವುದಕ್ಕೂ ಮುಖವಿಲ್ಲ. ವಿಳಾಸ ಗೊತ್ತಿರಲಿಲ್ಲ ಎಂಬ ನೆಪವೂ ನನಗೆ ಉಳಿದಿಲ್ಲ. ಓವನ್ ಅಣ್ಣ ನಿನ್ನನ್ನು ನೀನೀಗ ಕೆಲಸದಲ್ಲಿರುವ ಹಾಸ್ಟೆಲಿನ ಕಚೇರಿಯಲ್ಲಿ ಕಂಡು, ವಿಳಾಸವನ್ನು ಬಸ್ ಟಿಕೆಟಿನ ಹಿಂದೆ ಗೀಚಿಕೊಂಡು ಬಂದು ನಾಲ್ಕು ತಿಂಗಳಾಯಿತು. ಫ್ಯಾಕ್ಟರಿಯಲ್ಲಿ ಅವನು ನೋಡಿಕೊಳ್ಳುವ ಬಿಸ್ಕತ್ ಓವನ್ ಹತ್ತಿರ ಸಿಕ್ಕಾಗಲೆಲ್ಲ ಅವನದು ಒಂದೇ ರಾಗ: "ಊರಿಗೆಲ್ಲ ಕರಪತ್ರ ಬರೀತೀಯ. ಒಡಹುಟ್ಟಿದವಳಿಗೆ ಒಂದು ಗೆರೆ ಬರಿಯೋಕೆ ನಿನ್ ಪೆನ್ನಲ್ಲಿ ಇಂಕ್ ಇಲ್ವಾ, ಕ್ರಾಂತಿ?" ನನಗೆ ಅವನಿಟ್ಟ ಹೆಸರು ಈಗ ಅದು.

ಈಗ ಬರೆಯುತ್ತಿರುವುದು ಅಮ್ಮನ ಸಲುವಾಗಿ. ಐದು ಭಾನುವಾರಗಳಿಂದ ಅಮ್ಮ ಆಟಕ್ಕೆ ಬಂದಿಲ್ಲ. ಆಟ ಬಿಟ್ಟರೆ ಏನು ಮುಳುಗಿಹೋಯಿತು ಅನ್ನಬೇಡ. ಆಟದ ಜೊತೆಗೆ ಮಾತನ್ನೂ ಬಿಟ್ಟಿದ್ದಾಳೆ. ಕೇಳಿದ್ದಕ್ಕೆ 'ಹೂಂ', ಕೇಳದಿದ್ದರೆ ಅದೂ ಇಲ್ಲ. ಇದನ್ನು ಸರಿಮಾಡಲು ನನ್ನಿಂದ ಆಗುತ್ತಿಲ್ಲ. ಆಗುವುದಿದ್ದರೆ ನಿನ್ನಿಂದ.

ಯಾವ ಆಟ ಎನ್ನುತ್ತೀಯೇನೋ. ನಿನ್ನದೇ ಆಟ. ನೀನು ಹೋದ ಮೇಲೆ ಪೆಟ್ಟಿಗೆಯಲ್ಲಿ, ನಿನ್ನ ಇನ್ನೊಂದು ಸೂಪರ್‌ವೈಸರ್ ಕೋಟಿನ ಕೆಳಗೆ, ಆ ದಪ್ಪ ನೋಟ್‌ಬುಕ್ಕೂ ಇಪ್ಪತ್ತು ಮುಖದ ದಾಳವೂ ಸಿಕ್ಕವು. ಒಂದು ವರ್ಷ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಸೈಕಲ್ ಅಂಗಡಿಯ ಮೇಲಿನ ನಮ್ಮ ಕಾರ್ಮಿಕ ಸಂಘದ ಕೋಣೆಗೆ ಒಯ್ದೆ. ನೀನು ನನಗೆ ಹೇಳಿಕೊಟ್ಟ ಹಾಗೆಯೇ ಅವರಿಗೂ ಹೇಳಿದೆ: ಒಬ್ಬರು ಲೋಕವನ್ನು ಕಟ್ಟಿ ಹೇಳಬೇಕು, ಉಳಿದವರು ಅದರೊಳಗೆ ಒಬ್ಬೊಬ್ಬರಾಗಿ ಬದುಕಬೇಕು, ಮಾಡಹೊರಟದ್ದು ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಓವನ್ ಅಣ್ಣ ಬಂದ, ಎದುರು ಕ್ಲಿನಿಕ್ಕಿನ ಕಾಂಪೌಂಡರ್ ಬಂದ. ನಮಗೆ ಊಟದ ಡಬ್ಬಿ ತಂದ ಅಮ್ಮ, ಮೊಣಕಾಲು ನೋವೆಂದು ಮೂಲೆಯಲ್ಲಿ ಕುಳಿತಳು.

ನಿನ್ನ ನೋಟ್‌ಬುಕ್ಕಿನಲ್ಲಿದ್ದದ್ದು ಒಂದೇ ಜಾತಿಯ ಎಲ್ಫ್‌ಗಳು, ಇಂಗ್ಲಿಷ್ ಕತೆಗಳ ಕಿನ್ನರರು. ಎತ್ತರದ ಮೈ, ಚೂಪು ಕಿವಿ, ಏಳುನೂರು ವರ್ಷ ಆಯಸ್ಸು, ಗೋಪುರದಲ್ಲಿ ವಾಸ, ದಿನವಿಡೀ ಹಾಡು. ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದೆ: 'ಇವರ ಪಾತ್ರೆ ತೊಳೆಯುವವರು ಯಾರು?' ಕೋಪಿಸಿಕೊಳ್ಳಬೇಡ. ಆಗ ನಾನು ವಾರಕ್ಕೆ ಮೂರು ಕಿರುಹೊತ್ತಿಗೆ ಓದುತ್ತಿದ್ದೆ. ಲೋಕದಲ್ಲಿ ಏನು ಕಂಡರೂ ನನಗೆ ಅದೇ ಪ್ರಶ್ನೆ ಹುಟ್ಟುತ್ತಿತ್ತು. ನಿನ್ನ ಒಂದು ಜಾತಿಯನ್ನು ಒಡೆದು ನಾಲ್ಕು ಜನಾಂಗ ಮಾಡಿದೆ. ಗೋಪುರದವರನ್ನು ಹಾಗೆಯೇ ಇಟ್ಟೆ. ಉಪ್ಪಿನ ಬಯಲಲ್ಲಿ ಬದುಕುವ ಉಪ್ಪಿನವರು ಬಂದರು. ಅಳುವುದು ಅವರಲ್ಲಿ ನೀರಿನ ದುಂದುವೆಚ್ಚ, ಅಳು ಬಂದವರು ಅನುಮತಿ ಪಡೆಯಬೇಕು. ದೋಣಿಯವರು ವಯಸ್ಸನ್ನು ವರ್ಷದಲ್ಲಿ ಹೇಳುವುದಿಲ್ಲ, ದಾಟಿದ ನದಿಗಳಲ್ಲಿ ಹೇಳುತ್ತಾರೆ. ಕೊನೆಗೆ, ಗೋಪುರದ ಬುಡದ ಕತ್ತಲೆಯಲ್ಲಿ ಬೇರುಗಳನ್ನು ಕಡಿದು, ಸೋಸಿ, ಮೇಲಿನವರಿಗೆ ಬೆಳಕಿನ ಎಣ್ಣೆ ತೆಗೆದುಕೊಡುವ ಬೇರಿನವರು.

ಬೇರಿನವರನ್ನು ಓದಿ ಮುಗಿಸಿದಾಗ ಮೂಲೆಯಿಂದ ಅಮ್ಮನ ದನಿ ಬಂತು. "ಅವ್ರು ನಿಂತ್ಕೊಂಡು ಕೆಲ್ಸ ಮಾಡ್ತಾರೋ, ಕೂತ್ಕೊಂಡೋ?"

"ನಿಂತ್ಕೊಂಡು," ಅಂದೆ.

"ಏಳ್ನೂರು ವರ್ಷ?"

"ಹೂಂ."

"ಹಾಗಾದ್ರೆ ಪಾದ ಅಗಲ ಆಗಿರತ್ತೆ, ಬರ್ಕೋ. ಬಾತುಕೋಳಿ ತರ. ಕತ್ಲೇಲಿ ಬಾಯಲ್ಲಿ ಕೂಗಲ್ಲ, ಗೋಡೆ ತಟ್ಟಿ ಮಾತಾಡ್ತಾರೆ. ಗಾಳಿ ಇಲ್ದಿರೋ ಕಡೆ ಕಿವಿ ಯಾಕೆ ನೆಟ್ಟಗಿರತ್ತೆ, ಜೋತುಬಿದ್ದಿರತ್ತೆ. ಚೂಪುಗಿವಿಯವ್ರಲ್ಲೂ ಜೋತುಗಿವಿಯವ್ರು ಇರ್ಬೇಕಲ್ಲ."

ಓವನ್ ಅಣ್ಣ ಮೇಜು ಕುಟ್ಟಿ ನಕ್ಕ. ಬಿಸ್ಕತ್ ಪ್ಯಾಕಿಂಗ್ ಸಾಲಿನಲ್ಲಿ ಮೂವತ್ತೊಂದು ವರ್ಷ ನಿಂತ ಹೆಂಗಸು, ನಾನು ಹೊತ್ತಿಗೆಗಳಲ್ಲಿ ಹುಡುಕುತ್ತಿದ್ದುದನ್ನು ತನ್ನ ಕಾಲನ್ನು ನೋಡಿಕೊಂಡು ಹೇಳಿಬಿಟ್ಟಳು. ಅಂದಿನಿಂದ ಅಮ್ಮ ಆಟದಲ್ಲಿ ಬೇರಿನವಳು. ಹೆಸರೇನೆಂದು ಕೇಳಿದರೆ, "ಕತ್ಲೇಲಿ ಕರಿಯೋರು ಯಾರು, ಹೆಸರು ಬೇಡ" ಅಂದಳು. ನಾವೆಲ್ಲ ಅವಳನ್ನು ಅಗಲಪಾದ ಎಂದೆವು.

ಅಗಲಪಾದಳಿಗೆ ಒಬ್ಬ ಮಗಳು. ಮೇಲೆ ಗೋಪುರದಲ್ಲಿದ್ದಾಳೆ. ಅಮ್ಮ ಹೇಳಿದ್ದು ಅಷ್ಟೇ. ಮಗಳಿರುವಲ್ಲಿಗೆ ಅವಳು ಸುರಂಗ ತೋಡತೊಡಗಿದಳು. ಪ್ರತಿ ಭಾನುವಾರ ದಾಳ ಉರುಳಿಸಬೇಕು. ಒಮ್ಮೆ ಎರಡು ಮೊಳ ಸಾಗಿದರೆ, ಇನ್ನೊಮ್ಮೆ ಕುಸಿದು ಮೂರು ಮೊಳ ಹಿಂದಕ್ಕೆ. ಹದಿನಾಲ್ಕು ತಿಂಗಳು ತೋಡಿದಳು ಅಕ್ಕ. ಆಟದಲ್ಲಿ ಗೋಪುರದ ಯಜಮಾನನಾಗಿದ್ದ ಓವನ್ ಅಣ್ಣ ಸುಮ್ಮನೆ ಕೆಣಕುತ್ತಿದ್ದ: "ತಾಯೀ, ನನ್ ಗೋಪುರದ ಬುಡಕ್ಕೇ ಕೈ ಹಾಕಿದೀಯಲ್ಲ, ಬಿದ್ದು ಗಿದ್ದೀತು!" ಅದಕ್ಕೆ ಅಮ್ಮ: "ನಿಮ್ ಗೋಪುರ ನಿಮ್ಗೇ ಇರ್ಲಿ ಸ್ವಾಮಿ. ನಾನು ಪಕ್ಕದಿಂದ ಹೋಗ್ತೀನಿ, ಒಂದು ಮಾತು ಕೇಳ್ಕೊಂಡು ಬರ್ತೀನಿ." ಮನೆಯಲ್ಲಿ ಮಿತಭಾಷಿಯಾದ ನಮ್ಮಮ್ಮ ಆ ಪ್ಲೈವುಡ್ ಮೇಜಿನ ಮುಂದೆ ಯಜಮಾನರ ಬಾಯಿ ಮುಚ್ಚಿಸುತ್ತಿದ್ದಳು. ನೀನು ನೋಡಬೇಕಿತ್ತು.

ಈ ನಡುವೆ ಹೊಸದೊಂದು ಹೊತ್ತಿಗೆ ಕೈಗೆ ಬಂತು. 'ಬಿಡುಗಡೆಗೆ ಕಂತುಗಳಿಲ್ಲ' ಎಂದು ಅದರ ಹೆಸರು. ಓದಿ ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಯಲ್ಲಿರುವ ಲೋಕ, ಅದರಲ್ಲಿ ಕೂಡ ಒಬ್ಬ ಮುದುಕಿ ವಾರಕ್ಕೆ ಎರಡು ಮೊಳದ ಬಿಡುಗಡೆಗಾಗಿ ದಾಳ ಉರುಳಿಸುತ್ತ ಕೂರಬೇಕೆ? ಹನ್ನೊಂದು ಹಾಳೆ ಬರೆದೆ. ಉಪ್ಪಿನವರೂ ದೋಣಿಯವರೂ ಒಂದಾದರು, ಗೋಪುರದ ಬಾಗಿಲು ಮುರಿಯಿತು, ಯಜಮಾನಿಕೆ ರದ್ದಾಯಿತು. ಐದು ಭಾನುವಾರದ ಹಿಂದೆ ಎದ್ದು ನಿಂತು ಅದನ್ನು ಓದಿದೆ. ಕೊನೆಯ ಸಾಲು: 'ಅಂದು ಸಂಜೆಯೊಳಗೆ ಬೇರಿನವರ ಮಕ್ಕಳೆಲ್ಲ ತಮ್ಮ ತಾಯಂದಿರ ಬಳಿ ಬಂದು ಸೇರಿದರು.'

ಓವನ್ ಅಣ್ಣ ಚಪ್ಪಾಳೆ ಹೊಡೆದ. ಕಾಂಪೌಂಡರ್, "ಎಲ್ಲಾ ನೀವೇ ಮಾಡಿ ಮುಗಿಸಿದ್ರೆ ನಾವಿನ್ನು ಏನ್ ಆಡೋದು?" ಎಂದು ಗೊಣಗಿದ. ಅಮ್ಮನ ಮುಷ್ಟಿಯಲ್ಲಿ ದಾಳವಿತ್ತು.

"ಅವಳೇ ಬಂದ್ಳಾ?"

"ಹೂಂ ಅಮ್ಮ. ಎಲ್ರೂ ಬಂದ್ರು."

"ನಾನು ಹೋಗೋಕೆ ಮುಂಚೇನೇ?"

"ಇನ್ನು ಹೋಗೋದ್ಯಾಕೆ? ಬಿಡುಗಡೆ ಆಯ್ತಲ್ಲ!"

"ಒಂಬತ್ತು ಮೊಳ ಉಳಿದಿತ್ತು," ಅಂದಳು ಅಮ್ಮ. "ಅವಳಾಗೇ ಬಂದ್ಬಿಟ್ರೆ ನಾನು ಕೇಳೋದು ಏನು?" ದಾಳವನ್ನು ಮೇಜಿನ ಮೇಲಿಟ್ಟು, ಡಬ್ಬಿ ಎತ್ತಿಕೊಂಡು, ಆ ಕಿರಿದಾದ ಮೆಟ್ಟಿಲನ್ನು ಒಂದೊಂದಾಗಿ ಅಡ್ಡಡ್ಡ ಇಳಿದು ಹೋದಳು.

ನನಗೆ ಸಿಟ್ಟು ಬಂತು ಅಕ್ಕ, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಜಗಳ ಆಡಿದೆ. ನಿನ್ನ ಬೇರಿನ ಜನಕ್ಕೆ ಒಳ್ಳೆಯದನ್ನೇ ಮಾಡಿದೆನಲ್ಲ, ಅದಕ್ಕೂ ಮುಖ ಊದಿಸಿಕೊಂಡರೆ ಹೇಗೆ ಎಂದೆ. ಅವಳು ಡಬ್ಬಿ ತೊಳೆಯುತ್ತಲೇ ಇದ್ದಳು. ಮುಂದಿನ ಭಾನುವಾರ ಹನ್ನೊಂದು ಹಾಳೆಯನ್ನೂ ಅವಳೆದುರೇ ಹರಿದೆ. "ಬಾ ಅಮ್ಮ, ಏನೂ ಆಗಿಲ್ಲ. ಒಂಬತ್ತು ಮೊಳ ಹಾಗೇ ಇದೆ." ಅಮ್ಮ ಚೂರುಗಳನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡು, "ಕಾಗದ ಹರಿದೆ. ಕಿವಿಗೆ ಬಿದ್ದಿದ್ದನ್ನ ಹೇಗೆ ಹರೀತೀಯ?" ಅಂದಳು. ಅದೇ ಅವಳು ಆಡಿದ ಉದ್ದದ ಮಾತು, ಮೊನ್ನೆ ಗುರುವಾರದವರೆಗೆ.

ಗುರುವಾರ ಬೆಳಿಗ್ಗೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ತಾನಾಗಿಯೇ ಶುರುಮಾಡಿದಳು. "ಆ ಬೇರಿನವಳ ಮಗಳನ್ನ ಯಾರೂ ಎಳ್ಕೊಂಡು ಹೋಗಿದ್ದಲ್ಲ ಕಣೇ. ಅವಳೇ ಕಳ್ಸಿದ್ದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಯಾವ ಮಗಳು ಎಂದು ಕೇಳಿದೆ. ಅಮ್ಮ ನನ್ನ ಮುಖ ನೋಡಿದಳು. ಆಗ ಅರ್ಥವಾಯಿತು.

ಮೂರು ವರ್ಷದ ಹಿಂದೆ, ಮುಷ್ಕರದ ಹತ್ತನೇ ದಿನ ನಿನ್ನನ್ನು ಒಳಗೆ ಹೋಗು ಎಂದದ್ದು ತಾನೇ ಎಂದಳು. ಕೂತು ಕೆಲಸ ಮಾಡಲು ಸ್ಟೂಲು ಕೊಡಿ ಎಂದು ನಲವತ್ತು ಹೆಂಗಸರು ಗೇಟಿನ ಹೊರಗಿದ್ದೆವು. ನೀನು ಸೂಪರ್‌ವೈಸರ್ ಕೋಟು ಕಳಚಿಟ್ಟು ನಮ್ಮ ಜೊತೆ ಬಂದು ಕೂತಿದ್ದೆ. ಹನ್ನೊಂದನೇ ದಿನ ಅದೇ ಕೋಟು ತೊಟ್ಟು, ತಲೆ ತಗ್ಗಿಸಿ, ನಮ್ಮ ನಡುವೆಯೇ ಹಾದು ಒಳಗೆ ಹೋದೆ. ನಾನು ಎಲ್ಲರೆದುರು ಕೂಗಿದ್ದು ನಿನಗೆ ನೆನಪಿದೆ. ಅದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಒಂದು ಮಾತೂ ಆಡಲಿಲ್ಲ.

"ಅದಕ್ಕೂ ಹಿಂದಿನ ಮುಷ್ಕರದಲ್ಲಿ ನಾನೂ ಹೊರಗೆ, ನಿಮ್ಮಪ್ಪನೂ ಹೊರಗೆ," ಅಂದಳು. "ಇಬ್ರಿಗೂ ಕೆಲ್ಸ ಹೋಯ್ತು. ನೀನಿನ್ನೂ ಮಗು. ಮತ್ತೆ ಕೆಲ್ಸಕ್ಕೆ ತಗೊಳ್ಳೋವರೆಗೆ ಎರಡು ತಿಂಗ್ಳು ಒಡೆದ ಬಿಸ್ಕತ್ ನೆನೆಸಿ ನಿಮ್ಮಿಬ್ರ ಹೊಟ್ಟೆ ತುಂಬ್ಸಿದೀನಿ. ಅದು ಮತ್ತೆ ಬೇಡ ಅಂತ, ಮನೆಯಿಂದ ಒಬ್ಳಾದ್ರೂ ಒಳಗಿರ್ಲಿ ಅಂದೆ. ಅವಳು ಆಗಲ್ಲಮ್ಮ ಅಂದ್ಳು. ಕಾಲು ಹಿಡ್ಕೋಳೋದೊಂದು ಬಾಕಿ, ಅಷ್ಟು ಬೇಡ್ಕೊಂಡೆ."

"ಮತ್ತೆ ಗೇಟಲ್ಲಿ ಯಾಕೆ ಸುಮ್ನಿದ್ದೆ? 'ನಾನೇ ಕಳ್ಸಿದ್ದು' ಅನ್ನೋಕೆ ಏನಾಗಿತ್ತು?"

"ನಿನ್ ಮುಖ ನೋಡಿ ಹೆದರ್ಕೊಂಡೆ," ಅಂದಳು. ಹೆತ್ತ ತಾಯಿ ನನಗೆ ಹೆದರಿದಳಂತೆ ಅಕ್ಕ. ನನ್ನ ಕೈ ಅವಳ ಕಾಲಿನ ಮೇಲೆಯೇ ನಿಂತುಹೋಯಿತು. ಇಷ್ಟು ಕಿರುಹೊತ್ತಿಗೆಗಳಲ್ಲಿ ಓದಿದ ಒಂದು ಸಾಲೂ ಆಗ ನೆರವಿಗೆ ಬರಲಿಲ್ಲ.

ಸ್ಟೂಲು ಬಂದವು. ಓವನ್ ಅಣ್ಣ ಹೇಳಿದನೋ ಇಲ್ಲವೋ. ನಲವತ್ತು ಜನಕ್ಕೆ ಆರು. ಸರದಿಯ ಮೇಲೆ ಕೂರುತ್ತೇವೆ. ನನ್ನ ಸರದಿಯನ್ನು ಹಲವು ಸಲ ಬಿಟ್ಟುಕೊಡುತ್ತೇನೆ. ಅದು ತ್ಯಾಗವಲ್ಲ, ಕೂತರೆ ಯೋಚನೆ ಬರುತ್ತದೆ.

ಈಗ ಕೇಳುವುದನ್ನು ಕೇಳುತ್ತೇನೆ. ನೀನು ಮನೆಗೆ ಬಾ ಎಂದು ನಾನು ಬರೆಯುವುದಿಲ್ಲ. ನೀನಾಗಿ ಬಂದು ನಿಂತರೆ ಅಮ್ಮನಿಗೆ ಬೇಕಾದದ್ದು ಸಿಕ್ಕಂತಾಗುವುದಿಲ್ಲ. ಅಷ್ಟನ್ನು ಐದು ವಾರದಲ್ಲಿ ಕಲಿತಿದ್ದೇನೆ. ಅವಳೇ ನಿನ್ನಲ್ಲಿಗೆ ಬರಬೇಕು, ತನ್ನ ಬಾಯಿಂದ ಕ್ಷಮೆ ಕೇಳಬೇಕು. ಐದು ಗಂಟೆಯ ಬಸ್ಸು, ಆ ಮೊಣಕಾಲು. ಆದರೂ ಬರುತ್ತಾಳೆ. ಬರಬಹುದೋ ಬಾರದೋ ಎಂದು ಒಂದು ಸಾಲು ಬರೆ. ಬೇಡ ಅನ್ನುವ ಹಕ್ಕು ನಿನಗಿದೆ. ಬೇಡವೆಂದರೆ ಅದನ್ನೂ ಮುಚ್ಚಿಡದೆ ಅವಳಿಗೆ ಓದಿ ಹೇಳುತ್ತೇನೆ. ಈ ಕಾಗದದ ವಿಷಯ ಅವಳಿಗಿನ್ನೂ ತಿಳಿಯದು.

ಹರಸುವ ವಯಸ್ಸು ನನ್ನದಲ್ಲ. ಆದರೂ ನೀನಿರುವ ಕೋಣೆಗೆ ಒಳ್ಳೆಯ ಕಿಟಕಿ ಇರಲಿ, ನಿನ್ನ ಮಾತು ಕೇಳುವವರು ಸುತ್ತ ಇರಲಿ, ನಮ್ಮ ಮನೆ ನಿನಗೆ ಕೊಟ್ಟ ನೋವಿನ ಹತ್ತು ಪಟ್ಟು ನೆಮ್ಮದಿ ಬೇರೆಯವರ ಕೈಯಿಂದಾದರೂ ನಿನಗೆ ಸಿಗಲಿ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲು ಮೂರು ಸಲ ಲಕೋಟೆ ಬಿಚ್ಚಿದ್ದೇನೆ. ಆ ಹನ್ನೊಂದನೇ ದಿನ ಸಂಜೆ ನೀನು ಮನೆಗೆ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತು, "ನಿನ್ ಮುಖ ತೋರಿಸ್ಬೇಡ ಅಂತ ಅಮ್ಮ ಹೇಳಿದಾಳೆ" ಅಂದೆನಲ್ಲ. ನೀನು, "ಅಮ್ಮಾನೇ ಹೇಳಿದ್ಳಾ?" ಎಂದು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಹೌದು ಅಂದೆ. ಅಮ್ಮ ಹೇಳಿರಲಿಲ್ಲ ಅಕ್ಕ. ನೀನು ಹೋಗಲೆಂದು ನಾನೇ ಆ ಮಾತನ್ನು ಅವಳ ಬಾಯಿಗಿಟ್ಟೆ. ತನ್ನ ಮೌನಕ್ಕೇ ನೀನು ಹೋದೆ ಎಂದು ಅವಳು ಈಗಲೂ ತಿಳಿದಿದ್ದಾಳೆ. ನಿನ್ನ ಉತ್ತರ ಬರುವ ಮೊದಲೇ ಅವಳಿಗೆ ನಿಜ ಹೇಳುತ್ತೇನೆ. ನಾನು ಬಾಗಿಲಿಗೆ ಅಡ್ಡ ನಿಂತಿದ್ದ ಹೊತ್ತಿಗೆ ಅವಳು ಎಲ್ಲಿದ್ದಳು ಗೊತ್ತೇ? ಉಳಿದವರೆಲ್ಲ ಎದ್ದು ಹೋದ ಮೇಲೂ ಫ್ಯಾಕ್ಟರಿಯ ದೊಡ್ಡ ಗೇಟಿನಲ್ಲಿ ಒಬ್ಬಳೇ ನಿಂತಿದ್ದಳು. ಪಾಳಿ ಮುಗಿಸಿ ಬರುವ ನಿನ್ನನ್ನು ಯಾರೂ ಏನೂ ಅನ್ನದ ಹಾಗೆ ಕೈಹಿಡಿದು ಮನೆಗೆ ಕರೆತರಲು. ನೀನು ಹಿಂದಿನ ಗೇಟಿನಿಂದ ಬಂದಿದ್ದೆ. ಕತ್ತಲಾದ ಮೇಲೆ ಅಮ್ಮ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ, "ಬಂದ್ಳಾ?" ಎಂದು ಕೇಳಿದಳು. "ಇಲ್ಲ" ಅಂದೆ.